ಐಬು ಹೇಳಿ ಮಾರಿದ ಗಂಟೆಸರ

ಖಾನಾಪುರದ ಗುರುಪಾದಪ್ಪನವರು ಯಾರ ಪರಿಚಯ ಮಾಡಿಕೊಟ್ಟರೂ ಮೊದಲು ಅವರ ಐಬನ್ನೇ ಹೇಳುತ್ತಿದ್ದರು. "ಈಕಿ ನಮ್ಮ ಮನಿಯಾಕಿ ಕಾಶವ್ವ. ಸಿಟ್ಟು ಮೂಗಿನ ತುದಿಮ್ಯಾಲ. ಆದ್ರ ಈಕಿ ಬಡದ ರೊಟ್ಟಿ ಉಂಡಾವ ಮತ್ತೊಂದು ಮನಿ ಊಟಾ ಒಲ್ಲೆ ಅಂತಾನ." ಕಾಶವ್ವನವರ ಎದುರಿಗೇ ಈ ಮಾತು! ನನ್ನನ್ನಂತೂ ಊರ ತುಂಬ ಹೀಗೆ ಪರಿಚಯಿಸಿದ್ದರು: "ಇವ್ರು ಬೆಳಗಾವ್ಯಾಗ ಕಾಲೇಜ ಮಾಸ್ತರು, ಬರೀತಾರ. ಬರದದ್ದು ತಿಳಿಯೂದು ಕಡಿಮಿ. ಮನುಷ್ಯಾ ಛಲೋ." ಮೊದಲ ಸಲ ಕೇಳಿದಾಗ ಮೈ ಉರಿಯಿತು. ಆದರೆ ಅವರ ಬಾಯಿಂದ ಬಂದ ಆ 'ಛಲೋ' ಒಂದಕ್ಕೇ ಊರಿನ ಅಂಗಡಿಯವರು ನನಗೆ ಕುರ್ಚಿ ಕೊಡಲಾರಂಭಿಸಿದ್ದನ್ನು ಕಂಡು ತಣ್ಣಗಾದೆ.

ಅವರು ದನದ ಸಂತೆಯ ದಲಾಲರು. ವೈಶಾಖದ ಬಿಸಿಲಿಗೂ ಕಳಚದ ಕರಿಯ ಉಣ್ಣೆಯ ಕೋಟು, ಹೆಗಲ ಮೇಲೊಂದು ಟಾವೆಲ್ಲು, ಎತ್ತುಗಳನ್ನು ಸುತ್ತಿ ನೋಡಿ ನೋಡಿ ರೂಢಿಯಾಗಿ ಯಾವ ವಸ್ತುವಿಗಾದರೂ ಒಂದು ಪ್ರದಕ್ಷಿಣೆ ಹಾಕಿಯೇ ಎದುರು ನಿಲ್ಲುವ ನಡಿಗೆ. ಉಳಿದ ದಲಾಲರು ಕೋಡಿಗೆ ಎಣ್ಣೆ ಹಚ್ಚಿ ಕುಂಟನ್ನು ಮುಚ್ಚುತ್ತಿದ್ದರೆ, ಇವರು "ಎಡಗಾಲು ಎಳೀತದ್ರೀ" ಎಂದು ಮೊದಲೇ ಸಾರಿ, ಆಮೇಲೆ ಟಾವೆಲ್ಲಿನ ಮರೆಯಲ್ಲಿ ಕೊಳ್ಳುವವನ ಬೆರಳು ಒತ್ತಿ ಗುಟ್ಟಾಗಿ ಬೆಲೆ ತಿಳಿಸುತ್ತಿದ್ದರು. ಟ್ರ್ಯಾಕ್ಟರು ಬಂದು ಸಂತೆ ಸೊರಗಿತು, ಗುರುಪಾದಪ್ಪನವರ ರೂಢಿ ಸೊರಗಲಿಲ್ಲ.

ಎರಡು ಸಾವಿರದ ಎರಡನೆಯ ಇಸವಿ. ಅಣ್ಣತಮ್ಮಂದಿರ ಪಾಲಿನಲ್ಲಿ ಎಲ್ಲವೂ ಹಂಚಿಹೋಗಿ, ತಂದೆ ಮಾಡಿಸಿದ ಎತ್ತಿನ ಜೋಡಿ ಗಂಟೆಸರ ಮಾತ್ರ ಉಳಿಯಿತು, ಅಪ್ಪಟ ಕಂಚಿನದು. ಗುರುಪಾದಪ್ಪನವರ ತಮ್ಮ, ತಮ್ಮಣ್ಣ ಎಂಬವ, ಕೈ ಝಾಡಿಸಿದ. "ಎತ್ತಿಲ್ಲದ ಮನ್ಯಾಗ ಗಂಟಿ ಯಾಕ? ಬಸವ ಜಯಂತಿ ಮಟಾ ನೋಡೂಣು. ಆಮ್ಯಾಲ ಉದ್ಯಮಬಾಗದ ಭಟ್ಟಿಗೆ ಹಾಕಿ ಕರಗಸೂಣು." ಅಣ್ಣನ ಹಟ ಇನ್ನೊಂದು: "ಅಪ್ಪ ಕಟ್ಟಿದ ಗಂಟಿ ಎತ್ತಿನ ಕೊಳ್ಳಾಗನ ನುಡೀಬೇಕು." ಸುತ್ತಲಿನ ಹಳ್ಳಿಗಳಲ್ಲಿ ಕೊಳ್ಳುವವರು ಸಿಗದೆ, ಕಡೆಗೆ ಕೋಟು ಝಾಡಿಸಿಕೊಂಡು ಗಂಟೆಸರದ ಸಮೇತ ಬೆಳಗಾವಿಯ ಬಸ್ಸು ಹತ್ತಿ ನನ್ನ ಮನೆಗೆ ಬಂದರು. ಶಿವಬಸವ ನಗರದ ಉಳವಪ್ಪನ ಸೈಬರ್ ಕೆಫೆಯಲ್ಲಿ ಕೂತು ದೇಶಕ್ಕೆಲ್ಲ ಸಾಮಾನು ಹರಾಜು ಹಾಕಬಹುದೆಂದು ನಾನೇ ಹೇಳಿದ್ದೆ.

ಉಳವಪ್ಪ ಉತ್ಸಾಹಿ. ಹುಣಸೆಹಣ್ಣಿನಿಂದ ಗಂಟೆಗಳನ್ನು ತಿಕ್ಕಿಸಿ, ಕೆಂಪು ಮಖಮಲ್ಲಿನ ಮೇಲಿಟ್ಟು ಫೋಟೊ ತೆಗೆಸಿ, ಇಂಗ್ಲಿಷಿನಲ್ಲಿ ಬರೆದೇಬಿಟ್ಟ: ಅತ್ಯಪೂರ್ವ, ಅರಮನೆಗೆ ತಕ್ಕದ್ದು, ನಿರ್ದೋಷ. ಒಂದೂ ಬೇಡಿಕೆ ಬರಲಿಲ್ಲ. ಮುಂಬಯಿಯ ಹೋಟೆಲಿನವರೊಬ್ಬರು ಮಾತ್ರ, ಬಾಗಿಲಲಂಕಾರಕ್ಕೆ ಆದೀತೇ ಎಂದು ವಿಚಾರಿಸಿದ್ದರು. ಬರೆದದ್ದೇನೆಂದು ನಾನು ಕನ್ನಡದಲ್ಲಿ ಹೇಳುತ್ತಿದ್ದಾಗ, 'ನಿರ್ದೋಷ'ಕ್ಕೆ ಬರುತ್ತಲೇ ಗುರುಪಾದಪ್ಪನವರು ಎದ್ದು ನಿಂತರು. "ಸೀಳಿದ ಗಂಟಿಗೆ ಐಬಿಲ್ಲ ಅಂತ ಬರದೀರಿ? ತಗೀರಿ ಅದನ್ನ!"

ಹೊಸದನ್ನು ಅವರು ಹೇಳಿದರು, ನಾನು ಇಂಗ್ಲಿಷಿಗಿಳಿಸಿದೆ. "ಬಲಗಡೆ ಸರದಾಗ ಒಂದು ಗಂಟಿ ಸೀಳೇತಿ. ನೆಗಡಿ ಆದವನ ದನಿ. ಇನ್ನೊಂದರ ನಾಲಿಗಿ ಮೊದಲಿನದಲ್ಲ, ಆಮ್ಯಾಲ ನಮ್ಮಪ್ಪ ಹಾಕ್ಸಿದ್ದು. ಬಾಗಲಕ್ಕ ಕಟ್ಟಿದ್ರ ತಲಿನೋವು. ಎತ್ತು ನಡದಾಗ ಕೇಳ್ರಿ, ಹಾದಿ ಸರದದ್ದ ತಿಳಿಯಂಗಿಲ್ಲ." ಸೀಳಿನ ಪಕ್ಕ ತಮ್ಮ ಹೆಬ್ಬೆರಳಿಟ್ಟು ಬೇರೆ ಫೋಟೊ ತೆಗೆಸಿದರು. ಯಾರಿಗೂ ಕಾಣದಂತೆ ಕನಿಷ್ಠ ಬೆಲೆಯನ್ನು ನಮೂದಿಸಬೇಕೆಂದು ಉಳವಪ್ಪ ಹೇಳಿದಾಗ ಅವರ ಮುಖ ಅರಳಿತು. "ಇದು ನಮ್ಮ ಸಂತಿನ ಆತಲ್ಲ!" ಎಂದವರೇ ನನ್ನ ಕೈಮೇಲೆ ಟಾವೆಲ್ಲು ಹೊದಿಸಿ ಬೆರಳು ಒತ್ತಿದರು. ಉಳವಪ್ಪನನ್ನು ಆಚೆ ಕಳಿಸಿ ಆ ಬೆಲೆಯನ್ನು ನಾನೇ ತುಂಬಿದೆ.

ಮರುದಿನವೇ ಮುಂಬಯಿಯವರು ಹಿಂದೆ ಸರಿದರು. ಉಳವಪ್ಪ ಹಣೆ ಚಚ್ಚಿಕೊಂಡ. "ಅಜ್ಜಾರ, ಇದ್ದೊಂದು ಗಿರಾಕಿನೂ ಓಡಿಸಿದ್ರಿ!"

"ಓಡಬೇಕಾದವ ಓಡ್ಯಾನ" ಎಂದರು ಗುರುಪಾದಪ್ಪನವರು. ಹಾಗೆಂದರೂ ಕೋಟಿನ ಗುಂಡಿಯನ್ನು ತಿರುವುತ್ತಿದ್ದ ಬೆರಳು ನಿಲ್ಲಲಿಲ್ಲ. ಬಸವ ಜಯಂತಿ ಹತ್ತಿರ ಬಂದಿತ್ತು, ಊರಿಗೆ ಮರಳಿದ ಗಂಟೆಗಳನ್ನು ತಮ್ಮಣ್ಣ ಭಟ್ಟಿಗೆಂದು ಚೀಲಕ್ಕೆ ತುಂಬಿಸಿಟ್ಟಿದ್ದ.

ಹರಾಜು ಮುಗಿಯುವ ದಿನ ಕಾಗಲ್ ಕಡೆಯ ಬಾಳಾಸಾಹೇಬ ಎಂಬವರ ಬೇಡಿಕೆ ಬಂತು, ಟಾವೆಲ್ಲಿನ ಬೆಲೆಗಿಂತ ಮೇಲೆ! ಸಕ್ಕರೆ ಕಾರ್ಖಾನೆಯ ನೌಕರಿಯಲ್ಲಿದ್ದೂ ಒಕ್ಕಲುತನ ಬಿಡದ ಮನುಷ್ಯ. ಜೊತೆಗೊಂದು ಸಾಲು ಬರೆದಿದ್ದರು: ಇಷ್ಟು ಐಬು ಹೇಳಿದವರು ಉಳಿದದ್ದನ್ನು ಸುಳ್ಳು ಹೇಳಲಾರರು, ನನ್ನ ಜೋಡಿ ಎತ್ತುಗಳನ್ನೇ ಕರೆತರುತ್ತೇನೆ. ಉಳವಪ್ಪ ಕುರ್ಚಿಯ ಮೇಲೆ ಹತ್ತಿ ಕೂಗಿದ. ಗುರುಪಾದಪ್ಪನವರು ಕಂಪ್ಯೂಟರಿಗೆ ಒಂದು ಪ್ರದಕ್ಷಿಣೆ ಹಾಕಿದರು.

ಬಸವ ಜಯಂತಿಯ ಬೆಳಿಗ್ಗೆ ಟೆಂಪೊದಿಂದ ಇಳಿದ ಎತ್ತುಗಳ ಕೊರಳಿಗೆ ಸರ ಕಟ್ಟಿ ಖಾನಾಪುರದ ಓಣಿಯಲ್ಲಿ ನಡೆಸಿದರು. ಆ ನೆಗಡಿಯ ದನಿ ಕೇಳುತ್ತಲೇ ತಮ್ಮಣ್ಣ ಒಳಗಿನಿಂದ ಬರಿಗಾಲಲ್ಲಿ ಓಡಿಬಂದ. "ಅಪ್ಪನ ಬಂಡಿ ಬಂದಂಗ ಆತಲ್ಲೋ ಅಣ್ಣಾ!" ಅವನ ಕಣ್ಣು ತುಂಬಿತ್ತು. ಗುರುಪಾದಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟು ಬಾಳಾಸಾಹೇಬರ ಕಡೆ ತಿರುಗಿದರು. "ಇವ ನನ್ನ ತಮ್ಮ. ಅವಸರ ಭಾಳ. ಮನುಷ್ಯಾ ಛಲೋ."

ಹೊಗಳಿ ಮಾರುವವರು ಲೋಕದಲ್ಲಿ ಬೇಕಾದಷ್ಟು. ಅವರಿಗೆ ವಸ್ತು ಕೈಬಿಟ್ಟರೆ ಸಾಕು. ಗುರುಪಾದಪ್ಪನವರಂಥವರಿಗೆ ಅದು ಸೇರಬೇಕಾದ ಕೊರಳನ್ನು ಸೇರಬೇಕು. ವಸ್ತುವಿಗೆ ಹೇಗೋ ಮನುಷ್ಯರಿಗೂ ಹಾಗೆಯೇ: ನಮ್ಮ ಐಬನ್ನು ನಾಲ್ಕು ಜನರ ಮುಂದೆ ಮೊದಲೇ ಹೇಳಿಬಿಡುವ ಇಂಥವರು, ಆಮೇಲೆ ಯಾವ ಭಟ್ಟಿಗೂ ನಮ್ಮನ್ನು ಬಿಟ್ಟುಕೊಡುವುದಿಲ್ಲ.