ಎಡಗಾಲಿನ ಬೂಟು

ಗಂಟು ಬಿಚ್ಚಲೇ ಇಲ್ಲ. ಮಗಳು ಅಮ್ಮನ ಎಡಗಾಲಿನ ಬಳಿ ಮಂಡಿಯೂರಿ ಉಗುರು ಹಾಕಿ ಎಳೆದಳು, ಹಲ್ಲು ಹಾಕಲೂ ಬಗ್ಗಿದಳು, ಸುತ್ತ ನಿಂತವರನ್ನು ನೋಡಿ ಸುಮ್ಮನಾದಳು. ಬಿಳಿ ಬೂಟಿನ ದಾರಕ್ಕೆ ಅಮ್ಮ ಯಾವತ್ತೂ ಒಂದರ ಮೇಲೊಂದು ಎರಡು ಗಂಟು ಹಾಕುತ್ತಿದ್ದಳು. ವಾರ್ಡಿನಲ್ಲಿ ಓಡುವಾಗ ದಾರ ಬಿಚ್ಚಿ ಮುಗ್ಗರಿಸಿದರೆ ಕೈಯಲ್ಲಿದ್ದ ಸೂಜಿ ಯಾರ ಮೈಗೆ ಹೋಗುತ್ತದೋ ಎಂಬುದು ಅವಳ ವಾದ.

ನಿನ್ನೆ ಮಧ್ಯಾಹ್ನ ಬೆಳಗಿನ ಡ್ಯೂಟಿ ಮುಗಿಸಿ, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಬಲಗಾಲಿನ ಬೂಟು ತೆಗೆದಿದ್ದಳು. ಎಡಗಾಲಿಗೆ ಬಗ್ಗುವಷ್ಟರಲ್ಲಿ ಹೃದಯ ನಿಂತುಹೋಯಿತು. ಐವತ್ತಾರು ವಯಸ್ಸು. ಆಸ್ಪತ್ರೆಯ ಕಿರಿಯ ನರ್ಸುಗಳು ಮಿಕ್ಕಿದ್ದೆಲ್ಲ ಮಾಡಿದರು, ತಮ್ಮ ಹಿರಿಯ ಸಿಸ್ಟರ್ ಬೂಟಿಗೆ ಕತ್ತರಿ ಹಾಕುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಇಂದು ಬೆಳಿಗ್ಗೆ ಒಂದು ಕಾಲಿಗೆ ಬೂಟಿದ್ದ ಹಾಗೆಯೇ ಮನೆಗೆ ಕಳಿಸಿದ್ದರು.

"ಕತ್ತರಿ ಕೊಡ್ಲಾ?" ಎಂದರು ಮೇಟ್ರನ್ ದೊಡ್ಡಮ್ಮ. ಸಾವಿನ ಮನೆಗೂ ಕೈಚೀಲದಲ್ಲಿ ಕತ್ತರಿ ಇಟ್ಟುಕೊಂಡು ಬರುವ ಹೆಂಗಸು ಅವರು.

"ಬೇಡ ದೊಡ್ಡಮ್ಮ. ಕೊನೇಲಿ ಬಿಚ್ತೀನಿ."

ದೊಡ್ಡಮ್ಮ, ಟೀಚರಮ್ಮ, ಫೈಲ್ ಚಿಕ್ಕಮ್ಮ. ಮೂವರೂ ರಕ್ತಸಂಬಂಧದವರಲ್ಲ. ಅಮ್ಮನ ಜೊತೆ ಒಂದೇ ವರ್ಷ ನರ್ಸಿಂಗ್ ಕಲಿತು, ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು. ಆಮೇಲೆ ಒಬ್ಬೊಬ್ಬರದು ಒಂದೊಂದು ದಾರಿ. ದೊಡ್ಡಮ್ಮ ಆಡಳಿತಕ್ಕೆ ಹೋಗಿ ನೂರಾರು ನರ್ಸುಗಳ ಮೇಲೆ ಮೇಟ್ರನ್ ಆದರು. ಟೀಚರಮ್ಮ ನರ್ಸಿಂಗ್ ಶಾಲೆ ಸೇರಿ ಪಾಠ ಹೇಳಿಕೊಟ್ಟರು. ಚಿಕ್ಕಮ್ಮ ವಿಮೆ ಕಂಪನಿಯಲ್ಲಿ ಕೂತು, ರೋಗಿಗಳ ಮುಖ ನೋಡದೆ ಬರೀ ಅವರ ಫೈಲು ಓದುವ ಕೆಲಸ ಹಿಡಿದರು. ಅಮ್ಮ ಮಾತ್ರ ಸೇರಿದ ವಾರ್ಡಿನಲ್ಲೇ ಬೇರು ಬಿಟ್ಟಳು.

ಮೈ ತೊಳೆಯುವುದನ್ನು ಮೂವರೂ ಬೇರೆ ಯಾರಿಗೂ ಬಿಡಲಿಲ್ಲ. ಸೋದರಮಾವ ತಣ್ಣೀರಿನ ಬಕೆಟ್ಟು ತಂದಿಟ್ಟಾಗ ಫೈಲ್ ಚಿಕ್ಕಮ್ಮ ಮೊಣಕೈ ಅದ್ದಿ ನೋಡಿ, ತಲೆಯಾಡಿಸಿ, ಬಿಸಿನೀರು ಬೆರೆಸಿದರು. ಇಪ್ಪತ್ತು ವರ್ಷದಿಂದ ಅವರು ಯಾವ ರೋಗಿಯನ್ನೂ ಮುಟ್ಟಿರಲಿಲ್ಲ. ಮೊಣಕೈ ಮರೆತಿರಲಿಲ್ಲ.

"ಈಗ ಬಲಗೈ ಎತ್ತುತೀನಿ ಕಣೇ," ಎಂದು ಟೀಚರಮ್ಮ ಸತ್ತವಳಿಗೆ ಹೇಳಿ, ಆಮೇಲೆ ಎತ್ತಿದರು. ಹೇಳದೆ ಯಾರ ಮೈಯನ್ನೂ ಮುಟ್ಟಬಾರದೆಂದು ಅವರಿಗೆ ಕಲಿಸಿದ್ದರು.

"ಮೆಲ್ಲಗೆ. ಜೀವಮಾನವೆಲ್ಲ ಗೊಂಬೆ ಇಟ್ಕೊಂಡು ಪಾಠ ಮಾಡಿದೋಳು ನೀನು," ಎಂದರು ದೊಡ್ಡಮ್ಮ.

"ಇವಳೂ ಬಂದಿದ್ದಳಲ್ಲೇ ನಮ್ಮ ಶಾಲೆಗೆ ಪಾಠ ಮಾಡೋಕೆ. ಹದಿನೈದೇ ದಿನ. 'ಗೊಂಬೆಗೆ ಚುಚ್ಚಿದರೆ ಅದು ಅಮ್ಮಾ ಅನ್ನಲ್ಲ, ನನಗೆ ಹೊತ್ತು ಹೋಗ್ತಿಲ್ಲ' ಅಂತ ವಾಪಸ್ ಓಡಿಹೋದಳು."

"ಮೇಟ್ರನ್ ಕುರ್ಚಿಗೂ ಮೊದಲು ಇವಳನ್ನೇ ಕರೆದಿದ್ದು," ಎಂದು ದೊಡ್ಡಮ್ಮ ಅಮ್ಮನ ಬೆರಳುಗಳ ಸಂದಿಯನ್ನು ಒರೆಸಿದರು. "ಇವಳು ಒಲ್ಲೆ ಅಂದಿದ್ದಕ್ಕೆ ನನಗೆ ಬಂತು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ ನಾನು."

ಮಗಳು ಟವೆಲ್ಲು ಹಿಂಡುತ್ತ ಕೇಳಿಸಿಕೊಂಡಳು. ಅಮ್ಮ ಮೇಲೆ ಬರಲಾಗದೆ ಕೆಳಗೇ ಉಳಿದವಳೆಂದು ಅವಳು ನಂಬಿದ್ದಳು. ನಂಬಿದ್ದಷ್ಟೇ ಅಲ್ಲ, ಅಮ್ಮನ ಮುಖಕ್ಕೇ ಆಡಿಯೂ ಬಿಟ್ಟಿದ್ದಳು. ಹಿಂಡಿದ ಟವೆಲ್ಲನ್ನೇ ಮತ್ತೆ ಹಿಂಡಿದಳು.

*

ಮಗಳಿಗೆ ಹತ್ತು ತುಂಬಿದ ದಿನ ಅಮ್ಮ ಮೂರು ಗಂಟೆಗೆ ಬರುತ್ತೇನೆಂದವಳು ಬಂದದ್ದು ಎಂಟಕ್ಕೆ. ಕೇಕು ಕತ್ತರಿಸಿ, ಗೆಳತಿಯರೆಲ್ಲ ಮನೆಗೆ ಹೋಗಿ, ಬಲೂನುಗಳೂ ಮೆತ್ತಗಾಗಿದ್ದವು.

"ತಗೊಳ್ಳೋರು ಬರಲಿಲ್ಲ ಪುಟ್ಟಿ," ಎಂದಳು ಅಮ್ಮ, ಹೊಸಿಲಲ್ಲೇ ನಿಂತು.

ವಾರ್ಡಿನ ಕಟ್ಟಳೆ ಅದು. ಹೋಗುವ ನರ್ಸು ಮಂಚದಿಂದ ಮಂಚಕ್ಕೆ ನಡೆದು, ಇಂಥವರಿಗೆ ಇಷ್ಟು ಜ್ವರ, ಇಂಥವರು ಊಟ ಬಿಟ್ಟಿದ್ದಾರೆ ಎಂದು ಒಪ್ಪಿಸಬೇಕು. ಬಂದವಳು "ಬಿಟ್ಟುಹೋದದ್ದು ಏನಾದರೂ ಇದೆಯಾ?" ಎಂದು ಕೇಳಬೇಕು. ಮರೆತದ್ದು, ತಪ್ಪಿದ್ದು ಏನಿದ್ದರೂ ಆಗ ಬಾಯಿಬಿಟ್ಟು ಹೇಳಲೇಬೇಕು. ಮುಚ್ಚಿಟ್ಟರೆ ಅದು ರೋಗಿಯ ತಲೆಗೆ ಬರುತ್ತದೆ. ಕಡೆಗೆ ಬಂದವಳು "ತಗೊಂಡೆ" ಎಂದಮೇಲೆಯೇ ಮೊದಲಿನವಳು ಹೊಸಿಲು ದಾಟುವುದು. ಅವತ್ತು ಬದಲಿ ನರ್ಸಿನ ಬಸ್ಸು ದಾರಿಯಲ್ಲಿ ಕೆಟ್ಟಿತ್ತು.

ಮಗಳು ಮುಖ ಊದಿಸಿಕೊಂಡು ಅಮ್ಮನ ಬೂಟಿನ ಗಂಟನ್ನು ಸಿಟ್ಟಿನಿಂದ ಎಳೆದಳು.

"ಎಳೆದರೆ ಬಿಗಿಯಾಗುತ್ತೆ. ದಾರಾನ ಒಳಕ್ಕೆ ತಳ್ಳು," ಎಂದಳು ಅಮ್ಮ. ನಿಂತೂ ನಿಂತೂ ಊದಿದ ಪಾದದ ಮೇಲೆ ಕಾಲುಚೀಲದ ರಬ್ಬರಿನ ಗುರುತು ಬಳೆಯಂತೆ ಕೂತಿತ್ತು. ಅದು ಮಾಯವಾಗಲು ಅರ್ಧ ಗಂಟೆಯಾದರೂ ಬೇಕಿತ್ತು.

*

ಕಳೆದ ಭಾನುವಾರ ಜಗಳವಾಯಿತು. ಮಗಳೂ ನರ್ಸಿಂಗ್ ಮುಗಿಸಿದ್ದಳು. ಫೈಲ್ ಚಿಕ್ಕಮ್ಮ ಮಾಡುವಂಥದೇ ಕೆಲಸಕ್ಕೆ ಇನ್ನೊಂದು ಕಂಪನಿ ಅವಳನ್ನು ಆರಿಸಿ, ಶುಕ್ರವಾರ ಹನ್ನೆರಡಕ್ಕೆ ಫೋನ್ ಮಾಡುತ್ತೇವೆ, ಬರುತ್ತೀರೋ ಇಲ್ಲವೋ ಹೇಳಿಬಿಡಿ ಎಂದಿತ್ತು.

"ನಾಡಿ ಹಿಡಿಯೋದು ಕಲಿತು ಕಾಗದ ಹಿಡೀತೀಯಾ?" ಎಂದಳು ಅಮ್ಮ.

"ಕಾಗದವಾದ್ರೂ ಹಿಡೀತೀನಿ. ನಿನ್ನ ಹಾಗೆ ಬೆಡ್‌ಪ್ಯಾನ್ ಹಿಡ್ಕೊಂಡೇ ಸಾಯಲ್ಲ."

ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾಲ್ಕು ದಿನ ಇಬ್ಬರ ನಡುವೆ ಮಾತಿರಲಿಲ್ಲ. ಐದನೆಯ ದಿನ ಅಮ್ಮನೇ ಇರಲಿಲ್ಲ.

*

ಶುಕ್ರವಾರ ಬಂದಿತ್ತು. ಅಮ್ಮನಿಗೆ ಒಗೆದ ಸೀರೆ ಉಡಿಸಿ, ತಲೆ ಬಾಚಿ ಆಗಿತ್ತು. ಸೋದರಮಾವ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದ.

"ವ್ಯಾನು ಬಂದಿದೆ. ಬೇಗ ಮುಗಿಸ್ರಮ್ಮ. ಅಕ್ಕ ಯಾವತ್ತೂ ಹೊತ್ತಿಗೆ ಸರಿಯಾಗಿ ಹೊರಟೋಳೇ ಅಲ್ಲ," ಎಂದ. ತಮಾಷೆಗೆಂದು ಆಡಿ, ತಾನೇ ತಡೆಯಲಾಗದೆ ಆಚೆ ತಿರುಗಿಕೊಂಡ.

"ಹೊರಡೋದು ಹೇಗೆ, ಇನ್ನೂ ಒಪ್ಪಿಸಿಲ್ಲವಲ್ಲ," ಎಂದುಬಿಟ್ಟರು ಟೀಚರಮ್ಮ. ಮೂವತ್ತು ಚಿಲ್ಲರೆ ವರ್ಷದ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು. ನಾಲಿಗೆ ಕಚ್ಚಿಕೊಂಡರು.

ಯಾರೂ ನಗಲಿಲ್ಲ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಮಂಚದ ತಲೆಭಾಗದಲ್ಲಿ ನೆಟ್ಟಗೆ ನಿಂತರು.

"ಇವಳ ಪರವಾಗಿ ನಾನು ಒಪ್ಪಿಸ್ತೀನಿ. ಒಂದೇ ಬೆಡ್. ಮಗಳು, ಇಪ್ಪತ್ತೆರಡು ವರ್ಷ. ನಿನ್ನೆ ಮಧ್ಯಾಹ್ನದಿಂದ ಊಟ ಇಲ್ಲ. ಎರಡು ಲೋಟ ಟೀ, ಎರಡನೇದು ಅರ್ಧ ಬಿಟ್ಟಿದ್ದಾಳೆ. ನಿದ್ದೆ ಇಲ್ಲ. ಅತ್ತಿಲ್ಲ."

"ಊಟ ನಾನು ನೋಡ್ಕೋತೀನಿ," ಎಂದರು ಟೀಚರಮ್ಮ. "ರಾತ್ರಿ ಜೊತೆಗೆ ಮಲಗೋದೂ ನಾನೇ."

ಫೈಲ್ ಚಿಕ್ಕಮ್ಮ ಮಗಳ ಕಡೆ ತಿರುಗಿ, ವಾರ್ಡಿನ ದನಿಯಲ್ಲಿ ಕೇಳಿದರು: "ಬಿಟ್ಟುಹೋದದ್ದು ಏನಾದರೂ ಇದೆಯಾ?"

ಕಲಿಯುವಾಗ ದಿನಕ್ಕೊಮ್ಮೆ ಕೇಳಿದ ಪ್ರಶ್ನೆ. ಸುಳ್ಳು ಹೇಳಬಾರದ ಪ್ರಶ್ನೆ. ಮಗಳು ಯೋಚಿಸುವ ಮುಂಚೆಯೇ ಬಾಯಿ ಉತ್ತರ ಕೊಟ್ಟಿತು.

"ಇದೆ. ಬೆಡ್‌ಪ್ಯಾನ್ ಹಿಡ್ಕೊಂಡೇ ಸಾಯ್ತೀಯ ಅನ್ನೋ ಅರ್ಥ ಬರೋ ಹಾಗೆ ಅಂದುಬಿಟ್ಟೆ ಅಮ್ಮನಿಗೆ. ಆಮೇಲೆ ಮಾತೇ ಆಡಲಿಲ್ಲ. ಹಾಗೇ ಹೋಗಿಬಿಟ್ಟಳು."

"ಗೊತ್ತು," ಎಂದರು ಚಿಕ್ಕಮ್ಮ. "ಸೋಮವಾರ ಬೆಳಕು ಹರಿಯೋ ಮುಂಚೆ ಫೋನ್ ಮಾಡಿದ್ದಳು. ಸಿಟ್ಟಿತ್ತು, ಇರಲಿಲ್ಲ ಅಂತ ಯಾಕೆ ಸುಳ್ಳು ಹೇಳಲಿ. ಹತ್ತು ನಿಮಿಷ ನಿನ್ನ ಬೈದಳು, ಐದು ನಿಮಿಷ ನನ್ನ ಬೈದಳು. ಆಮೇಲೆ, 'ಅಲ್ಲಿ ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಬಿಡ್ತಾರಾ?' ಅಂದಳು. ಬಿಡ್ತಾರೆ ಅಂದೆ. 'ಬದಲಿಯವರು ಬರಲಿಲ್ಲ ಅಂತ ಕೂರಿಸ್ಕೊಳ್ಳಲ್ಲ ತಾನೆ?' ಅಂದಳು. ಇಲ್ಲ ಕಣೇ ಅಂದೆ. 'ಅವಳು ಕೂರೋ ಕಡೆ ಕಿಟಕಿ ಇರುತ್ತಾ? ದಿನವೆಲ್ಲ ಗೋಡೆ ನೋಡ್ಕೊಂಡು ಕೂತರೆ ನನ್ನ ಮಗಳು ಬಾಡಿಹೋಗ್ತಾಳೆ' ಅಂದಳು. ನನಗೆ ಹೇಗೆ ಗೊತ್ತಮ್ಮ, ಅವಳನ್ನೇ ಕೇಳು ಅಂದೆ. 'ಮಾತು ಬಿಟ್ಟಿದ್ದೀನಿ, ಹೇಗೆ ಕೇಳಲಿ?' ಅಂದಳು."

ಮಗಳು ಅತ್ತಳು. ನಿನ್ನೆಯಿಂದ ತಡೆದಿಟ್ಟಿದ್ದೆಲ್ಲ ಒಮ್ಮೆಗೇ ಬಂತು. ಯಾರೂ ಸಮಾಧಾನ ಹೇಳಲಿಲ್ಲ. ಅಳುವುದಕ್ಕೆ ಎಷ್ಟು ಹೊತ್ತು ಬೇಕೆಂದು ಮೂವರಿಗೂ ಗೊತ್ತಿತ್ತು. ದೊಡ್ಡಮ್ಮ ಅವಳ ಬೆನ್ನಿನ ಮೇಲೆ ಕೈಯಿಟ್ಟು, "ತಗೊಂಡೆ," ಎಂದರು. ಮಿಕ್ಕಿಬ್ಬರೂ ಅದೇ ಮಾತು ಹೇಳಿದರು.

ಮಗಳು ಮೂಗೊರೆಸಿಕೊಂಡು ಮಂಚದ ಕಾಲುಭಾಗಕ್ಕೆ ಬಂದು ಕೂತಳು. ಈ ಸಲ ಎಳೆಯಲಿಲ್ಲ. ದಾರದ ಎರಡೂ ತುದಿಗಳನ್ನು ಗಂಟಿನ ಒಳಕ್ಕೆ ಸ್ವಲ್ಪ ಸ್ವಲ್ಪವೇ ತಳ್ಳಿದಳು. ಮೇಲಿನ ಗಂಟು ಸಡಿಲಿತು. ಅಷ್ಟರಲ್ಲಿ ಫೋನ್ ಬಂತು. ಅವಳ ಎರಡೂ ಕೈ ಬೂಟಿನ ಮೇಲಿದ್ದವು. ದೊಡ್ಡಮ್ಮ ಫೋನನ್ನು ಅವಳ ಕಿವಿಗೆ ಹಿಡಿದರು.

"ಹೌದು, ನಾನೇ," ಎಂದಳು ಮಗಳು. "ಬರ್ತೀನಿ. ಈ ಸೋಮವಾರ ಸೇರೋಕಾಗಲ್ಲ, ಅದರ ಮುಂದಿನ ವಾರ... ಮನೇಲಿ ಕಷ್ಟ ಆಗಿದೆ. ಒಂದು ವಿಷಯ ಕೇಳಬೇಕಿತ್ತು. ನಾನು ಕೂರೋ ಕಡೆ ಕಿಟಕಿ ಇದೆಯಾ?"

ಆ ಕಡೆಯವರು ನೋಡಿ ಹೇಳುತ್ತೇವೆಂದರು. ಅವಳು ಕಾದಳು. ಕೋಣೆಯಲ್ಲಿ ಎಲ್ಲರೂ ಕಾದರು.

"ಇದೆಯಂತೆ," ಎಂದಳು, ಅಮ್ಮನ ಮುಖ ನೋಡಿ.

ಎರಡನೆಯ ಗಂಟೂ ಬಿಚ್ಚಿತು. "ಈಗ ಬೂಟು ತೆಗೀತೀನಿ ಅಮ್ಮ," ಎಂದು ಹೇಳಿ, ಆಮೇಲೆ ತೆಗೆದಳು. ಕಾಲುಚೀಲ ಜಾರಿಸಿದಾಗ ರಬ್ಬರಿನ ಗುರುತು ಹಾಗೆಯೇ ಇತ್ತು. ನಿನ್ನೆ ಮಧ್ಯಾಹ್ನದ್ದು. ಅದು ಇನ್ನು ಹೋಗುವುದಿಲ್ಲವೆಂದು ಕೋಣೆಯಲ್ಲಿದ್ದ ನಾಲ್ವರು ನರ್ಸುಗಳಿಗೂ ಗೊತ್ತಿತ್ತು. ಆದರೂ ಮಗಳು ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ತಿಕ್ಕತೊಡಗಿದಳು. ಹೊರಗೆ ವ್ಯಾನಿನವನು ಒಮ್ಮೆ ಹಾರ್ನ್ ಹಾಕಿದ. ದೊಡ್ಡಮ್ಮ ಬಾಗಿಲಿಗೆ ಹೋಗಿ, ಇನ್ನೂ ಸ್ವಲ್ಪ ಹೊತ್ತು ಎಂದು ಅವನಿಗೆ ಕೈ ತೋರಿಸಿ ನಿಂತರು.