ಎಡೆಗೆ ಚೀನಿ ಶ್ಯಾವಿಗೆ

ಬ್ರಹ್ಮಾವರದಿಂದ ಹೊರಟ ಬಸ್ಸು ಕುಂದಾಪುರ ಮುಟ್ಟಿದಾಗ ಹನ್ನೊಂದೂವರೆ. ಸರಸ ಇಳಿದು, ಸೆರಗು ಸರಿಮಾಡಿಕೊಂಡು, ರಸ್ತೆಯಾಚೆಯ ಹೋಟೆಲನ್ನು ನೋಡಿದಳು. ಬೋರ್ಡಿಗೆ ಬಳಿದ ಹಸಿರು ಬಣ್ಣದಡಿಯಿಂದ ಹಳೆಯ ಕೆಂಪು ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು: ಚೀನಿ ಊಟ ಸಿಗುತ್ತದೆ.

ಅದನ್ನು ಬರೆಸಿದವನೂ ಅಳಿಸಿದವನೂ ಅವಳ ಮೈದುನ ಲೀಲಾಧರನೇ. ಬೊಂಬಾಯಿಯ ಒಂದು ಚೀನೀ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಿ, ಒಲೆಯ ಮುಂದೆ ನಿಲ್ಲುವವರೆಗೆ ಒಂಬತ್ತು ವರ್ಷ ದುಡಿದು, ಹೋದ ವರ್ಷ ಚೌತಿಯ ಮರುದಿನ ಇಲ್ಲಿ ಹೋಟೆಲು ತೆರೆದಿದ್ದ. ಅವನ ಅಣ್ಣ, ಸರಸಳ ಗಂಡ ರಾಜೀವ, ಸೈನ್ಯದಲ್ಲಿ ವೈರ್‌ಲೆಸ್ ಕೆಲಸದಲ್ಲಿದ್ದವನು, ರಜೆಯಲ್ಲಿ ಬಂದಿದ್ದ. ಅಂದು ಇಲ್ಲೇ ಉಂಡ. ಒಂದೂವರೆ ತಿಂಗಳಿಗೆ ಚೀನಾದೊಂದಿಗೆ ಯುದ್ಧ ಹತ್ತಿಕೊಂಡಿತು. ಯಾರೋ ಬೋರ್ಡಿಗೆ ಸೆಗಣಿ ಎಸೆದರು. ಲೀಲಾಧರ ಸಂಜೆಯೊಳಗೆ ಬಣ್ಣ ತಂದು ಬಳಿದು, ಮರುದಿನದಿಂದ ಇಡ್ಲಿ ಬೇಯಿಸತೊಡಗಿದ. ಡಿಸೆಂಬರಿನಲ್ಲಿ ತಂತಿ ಬಂತು. ರಾಜೀವ ಕಾಣೆಯಾಗಿದ್ದಾನೆ.

ಆ ಒಂದು ಮಾತನ್ನು ಹಿಡಿದುಕೊಂಡು ಮನೆಯವರು ಆರು ತಿಂಗಳು ದೂಡಿದರು. ಸೆರೆಸಿಕ್ಕವರನ್ನು ಬಿಡುತ್ತಿದ್ದಾರೆಂದು ರೇಡಿಯೋ ಹೇಳಿತು. ಏಪ್ರಿಲ್ ಕಳೆಯಿತು, ಮೇ ಕಳೆಯಿತು, ಬಂದವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಹೋದ ವಾರದ ಕಾಗದದಲ್ಲಿ, ಇನ್ನು ಬರುವವರು ಯಾರೂ ಇಲ್ಲ ಎಂಬುದನ್ನು ಬಹಳ ಮರ್ಯಾದೆಯಿಂದ ಬರೆದಿದ್ದರು. ಬ್ರಹ್ಮಾವರದ ಶಾಲೆಯಲ್ಲಿ ಟೀಚರಾಗಿದ್ದ ಸರಸ ಅದನ್ನು ಓದಿ, ಮಡಚಿಟ್ಟು, ಎಂಟನೇ ತರಗತಿಯ ಪ್ರಬಂಧಗಳನ್ನು ತಿದ್ದಲು ಕೂತಿದ್ದಳು.

ಇಂದು ಅವಳ ಅತ್ತೆ ಸುಂದರಿಯಕ್ಕ ಮತ್ತು ಅತ್ತೆಯ ತಮ್ಮ ಗೋವರ್ಧನ ಶೆಟ್ಟರು ಬೈಂದೂರಿನಿಂದ ಬರುವವರು. ರಾಜೀವನ ಬೊಜ್ಜ ಮಾಡಬೇಕೋ ಬೇಡವೋ ಎಂಬುದು ಇಂದು ತೀರ್ಮಾನವಾಗಬೇಕಿತ್ತು. ಹೆಣವನ್ನೂ ಕಾಣದೆ ಮಗನ ಉತ್ತರಕ್ರಿಯೆ ಮಾಡುವುದು ಹೇಗೆ ಎಂದು ಸುಂದರಿಯಕ್ಕ. ಕ್ರಿಯೆಯಾಗದೆ ಅವನು ಹೊಸಿಲಾಚೆ ಎಷ್ಟು ದಿನ ನಿಲ್ಲಬೇಕು ಎಂದು ಶೆಟ್ಟರು. ಕಡೆಗೆ ಇಬ್ಬರೂ ಒಂದು ಮಾತಿಗೆ ಬಂದಿದ್ದರು. ಸರಸ ಹೂಂ ಅಂದರೆ ಮಾಡುವುದು, ಇಲ್ಲವಾದರೆ ಇಲ್ಲ. ಸರಸ ಎರಡನ್ನೂ ಹೇಳಿರಲಿಲ್ಲ. ಹೂಂ ಅಂದ ಗಳಿಗೆಯಿಂದ ತಾನು ವಿಧವೆ ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟು ದೂರದ ಹಿಮದಲ್ಲಿ ಆದದ್ದನ್ನು ತನ್ನ ಬಾಯಿಂದ ಆಗಿಸಬೇಕಾಗಿತ್ತು.

ಲೀಲಾಧರ ಬಾಗಿಲಿನ ಹಲಗೆಗಳನ್ನು ಅರ್ಧ ಹಾಕಿ ನಿಂತಿದ್ದ.

"ಬನ್ನಿ ಅತ್ಗಿ. ಅಮ್ಮ, ಮಾವ ಬಂದ್ ಒಂದ್ ಗಂಟಿ ಆಯ್ತ್. ಇವತ್ತ್ ಗಿರಾಕಿ ಇಲ್ಲ, ನಾವೇ."

"ಎಂತದಾ ಈ ಪರಿಮಳ?"

"ಬೊಂಬಾಯಿದೇ ಮಾಡಿದೆ." ಅವನು ಸ್ವರ ತಗ್ಗಿಸಿದ. "ಅಮ್ಮ ಒಂದ್ ವಾರದಿಂದ ಸಮಾ ಉಂಡಿಲ್ಲೆ ಅಂಬ್ರ್. ಅದೇ ಸಾರ್, ಅದೇ ಅನ್ನ ಹಾಕ್ರೆ ಎಲೆ ಎದ್ರಿಗೆ ಸುಮ್ನೆ ಕೂಕಂತ್ರ್. ಬೇರೆಂತಾದ್ರೂ ಆದ್ರೆ ಉಂಡ್ರೂ ಉಂಡಾರ್ ಅಂತ. ಚೀನಿ ಶ್ಯಾವಿಗಿ ಮಾಡ್ತೆ, ಬನ್ನಿ ಅಂತ ನಿನ್ನೆ ಬಸ್ಸಿನ ಕಂಡಕ್ಟ್ರ ಹತ್ರ ಹೇಳಿ ಕಳ್ಸಿದೆ."

ಹೋಟೆಲು ತೆರೆದ ದಿನ ಬೈಂದೂರಿನ ಮನೆಯಲ್ಲಿ ಹಬ್ಬದ ನೆಂಟರಿದ್ದುದರಿಂದ ಸುಂದರಿಯಕ್ಕನಾಗಲಿ ಶೆಟ್ಟರಾಗಲಿ ಬಂದಿರಲಿಲ್ಲ. ಈ ಊಟ ಅವರಿಗೆ ಹೊಸದು. ಮೊದಲು ಬಟ್ಟಲಲ್ಲಿ ಸೂಪು ಬಂತು. ಸುಂದರಿಯಕ್ಕ ಬಗ್ಗಿ ನೋಡಿದರು.

"ಇದೆಂತ ಮಗಾ, ಗಂಜಿ ತಿಳಿಯಾ?"

"ಕೋಳಿ ಸೂಪು, ಅಮ್ಮ."

"ಕೋಳಿ ಎಲ್ಲಿತ್ತ್?"

"ಮಿಂದ್ಕಂಡ್ ಎದ್ದ್ ಹೋಯಿತ್ ಕಾಣತ್ತ್," ಎಂದರು ಶೆಟ್ಟರು.

ಆಮೇಲೆ ಬಾಳೆಎಲೆಯ ಮೇಲೆ ನೂಡಲ್ಸು. ಕಂದು ಬಣ್ಣದ ಉದ್ದುದ್ದ ಎಳೆ, ನಡುವೆ ಕೋಸು, ಬೀನ್ಸು, ಕೋಳಿಯ ಸಣ್ಣ ಚೂರು. ಬದಿಗೆ ವಿನೆಗರಿನಲ್ಲಿ ನೆನೆಸಿದ ಹಸಿಮೆಣಸು. ಲೀಲಾಧರ ಇನ್ನೊಂದು ಪಾತ್ರೆ ತರಲು ಒಳಗೆ ಹೋದ. ಸುಂದರಿಯಕ್ಕ ಚೀಲದಿಂದ ಹಿಡಿಕೆಯ ಹಿತ್ತಾಳೆ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ತಮ್ಮ ಎಲೆಗೂ ತಮ್ಮನ ಎಲೆಗೂ ಧಾರಾಳವಾಗಿ ಸುರಿದರು. ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು. ಶ್ಯಾವಿಗೆ ಎಂದು ಹೇಳಿಕಳಿಸಿದ್ದನಲ್ಲ, ಬೆಳಗಿನ ಜಾವ ಎದ್ದು ಕಾಯಿ ತುರಿದು ಹಿಂಡಿಕೊಂಡೇ ಬಂದಿದ್ದರು.

"ಅಮ್ಮಾ! ಅದ್ರಗೆ ಕೋಳಿ ಇತ್ತ್!" ಲೀಲಾಧರ ಬಾಗಿಲಲ್ಲೇ ಕೂಗಿದ.

"ಇದ್ರೆ ಎಂತ? ಶ್ಯಾವಿಗಿಗೆ ಕೋಳಿ ಸಾರೂ ಆತ್ತ್, ಕಾಯಿಹಾಲೂ ಆತ್ತ್. ಒಟ್ಟಿಗೆ ಹಾಕುಕೆ ಕಲ್ತ್ ಬಂದವ ನೀನ್, ನಾನಲ್ಲ."

ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಮುಖ ಕದಲಲಿಲ್ಲ. ನುಂಗಿದ ಮೇಲೆ, "ಬೆಲ್ಲ ಚೂರ್ ಕಮ್ಮಿ ಆಯ್ತ್," ಅಂದರು.

ಶೆಟ್ಟರು ಎಲೆಯ ಮೇಲೆ ಬಗ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸರಸಳಿಗೂ ನಗು ಬಂತು. ಬಾಯಲ್ಲಿ ತುತ್ತಿದ್ದುದರಿಂದ ನೆತ್ತಿಗೇರಿತು. ಸುಂದರಿಯಕ್ಕ ಎಡಗೈಯಿಂದ ಸೊಸೆಯ ತಲೆ ತಟ್ಟುತ್ತ, "ನಗ್ ಹೆಣ್ಣೆ, ನಗ್. ನಾನ್ ಮರ್ಯಾದಿ ಕಳ್ಕಂಬುದ್ ಹೊಸ್ತಲ್ಲ," ಎಂದರು.

ಲೀಲಾಧರ ಎರಡು ಹೊಸ ಎಲೆ ಹಾಕಿದ. ಸುಂದರಿಯಕ್ಕ ನಿಧಾನಕ್ಕೆ, ಎಳೆ ಎಳೆಯಾಗಿ, ಎಲೆಯ ಅರ್ಧಕ್ಕಿಂತ ಹೆಚ್ಚು ಉಂಡರು. ಮಗ ಅದನ್ನು ನೋಡಿಯೂ ನೋಡದವನಂತೆ ಮತ್ತೊಂದು ಸೌಟು ಹಾಕಿದ. ಸರಸ ಒಂದು ಮೆಣಸು ಕಡಿದಳು. ಹುಳಿಯೂ ಖಾರವೂ ಬೇರೆಬೇರೆಯಾಗಿ ನಾಲಗೆಗೆ ತಿಳಿದವು. ತಿಂಗಳುಗಳಿಂದ ಅವಳಿಗೆ ಅನ್ನ, ಸಾರು, ಚಹಾ ಎಲ್ಲ ಒಂದೇ ಆಗಿತ್ತು. ಬೆಂಚಿನ ಮೇಲೆ ಅತ್ತೆಯ ಮೊಣಕೈ ತನ್ನ ಮೊಣಕೈಗೆ ತಾಗುತ್ತಿದ್ದುದು ಹಿತವೆನಿಸಿತು.

ಶೆಟ್ಟರು ಗಂಟಲು ಸರಿಮಾಡಿಕೊಂಡರು.

"ಹೆಣ್ಣೆ, ಉಂಬೊತ್ತಿಗೆ ಈ ಮಾತ್ ತೆಗಿಬಾರ್ದ್. ಆದ್ರೆ ಮೂರ್ ಗಂಟಿ ಬಸ್ಸಿಗೆ ನಾವ್ ಹೋಯ್ಕ್. ಮಳೆ ಹಿಡುಕ್ ಮುಂಚೆ ಒಂದ್ ದಿನ ಕಾಂಬನಾ?"

ಸರಸ ಎಲೆಯನ್ನೇ ನೋಡುತ್ತಿದ್ದಳು.

"ಒತ್ತಾಯ ಮಾಡ್ಬೇಡ ತಮ್ಮಾ," ಎಂದರು ಸುಂದರಿಯಕ್ಕ. ಮತ್ತೆ ತಮಗೇ ಹೇಳಿಕೊಂಡಂತೆ, "ಮಾಡುದೇ ಆದ್ರೆ ಎಡೆಗೆ ಎಂತೆಲ್ಲ ಬೇಕ್ ಅಂತ ನೆನ್ಸ್ಕಂಡಿದ್ದೆ. ಕೋಳಿ ಸಾರ್, ಕೊಟ್ಟೆ ಕಡುಬ್, ಕಾಣೆ ಮೀನ್ ಹುರ್ದದ್. ಬಿಟ್ಟ್ ಹೋದ್ದ್ ಎಂತಾದ್ರೂ ಇತ್ತಾ?"

ಬೊಜ್ಜದ ದಿನ ಒಳಕೋಣೆಯಲ್ಲಿ ಎಲೆ ಹಾಕಿ, ಸತ್ತವನಿಗೆ ಇಷ್ಟವಾದುದನ್ನೆಲ್ಲ ಬಡಿಸಿ, ಬಾಗಿಲೆಳೆದು ಹೊರಗೆ ನಿಲ್ಲುವುದು ಆ ಮನೆಯ ಪದ್ಧತಿ. ಇಷ್ಟದ್ದೊಂದು ತಪ್ಪಿದರೂ ಅವನು ಎಲೆ ಮುಟ್ಟದೆ ಹೋಗುತ್ತಾನೆ ಎಂದು ನಂಬಿಕೆ.

ಲೀಲಾಧರ ಸೌಟು ಹಿಡಿದೇ ನಿಂತಿದ್ದ. "ಇದ್ ಬಿಟ್ಟ್ ಹೋಯ್ತಲೆ ಅಮ್ಮ. ಅಣ್ಣಂಗೆ ಇದ್ ರಾಶಿ ಸೇರಿತ್."

"ತಲೆ ಸಮಾ ಇತ್ತಾ ನಿಂಗೆ?" ಶೆಟ್ಟರ ಸ್ವರ ಏರಿತು. "ಅವ್ನನ್ನ ಕೊಂದವ್ರ ಊಟ ಅವ್ನ ಎಡೆಗಾ? ಊರವ್ರ್ ಮುಖಕ್ಕೆ ಉಗೀತ್ರ್!"

ಕೊಂದರು ಎಂಬ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಶೆಟ್ಟರು ತಮ್ಮ ಬಾಯಿಗೆ ತಾವೇ ಹೆದರಿದವರಂತೆ ನೀರಿನ ಲೋಟ ಎತ್ತಿಕೊಂಡರು.

"ಬೊಂಬಾಯಿಲಿ ನಂಗೆ ಅಡ್ಗಿ ಕಲ್ಸಿದ ಚೀನಿ ಮುದ್ಕ ಯಾರನ್ನೂ ಕೊಲ್ಲಿಲ್ಲ ಮಾವ," ಎಂದ ಲೀಲಾಧರ. "ಅವ್ನ ಹೋಟ್ಲಿಗೂ ಕಲ್ಲ್ ಬಿತ್ತಂಬ್ರ್."

"ನಿನ್ನ ಮುದ್ಕನ ಸುದ್ದಿ ಇಲ್ಲಿ ಬೇಡ."

"ಮೂರ್ ಸಲ ಹಾಕ್ಸ್ಕಂಡಿದ್ರ್," ಎಂದಳು ಸರಸ.

ಮೂವರೂ ಅವಳತ್ತ ತಿರುಗಿದರು. ತಂತಿ ಬಂದ ಮೇಲೆ ಗಂಡನ ವಿಷಯವಾಗಿ ಅವಳಾಗಿ ಮಾತು ತೆಗೆದದ್ದು ಇದೇ ಮೊದಲು.

"ಬಸ್ಸಿಗೆ ಹೊತ್ತಾಯ್ತ್ ಅಂತ ನಾನ್ ಹೇಳ್ತೇ ಇದ್ದೆ. ಇನ್ನೊಂಚೂರ್ ಹಾಕ್ ಲೀಲಾ, ಅಂದ್ರ್. ಕಡೆಗೆ ಮೆಣ್ಸಿನ ಹುಳಿಯನ್ನೂ ಬಟ್ಲಿಂದ ಕುಡ್ದ್ರ್. ಬಸ್ಸ್ ತಪ್ಪಿತ್. ದಾರಿಯುದ್ದಕ್ಕೂ ನಾನ್ ಬೈದೆ." ಅವಳು ಅತ್ತೆಯತ್ತ ತಿರುಗಿದಳು. "ಇದಿಲ್ದೆ ಎಡೆ ಇಟ್ರೆ ಅವ್ರ್ ಮುಟ್ಟುದಿಲ್ಲೆ ಅತ್ತೆ. ಇದನ್ನೂ ಬಡ್ಸ್ಬೇಕ್."

ಹೇಳಿದ್ದೇನು ಎಂಬುದು ಹೇಳಿದ ಮೇಲೆ ಅವಳಿಗೂ ತಿಳಿಯಿತು. ಹೊರಗೆ ಯಾವುದೋ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ. ಸುಂದರಿಯಕ್ಕ ಎಂಜಲು ಕೈಯನ್ನೇ ಸೊಸೆಯ ಎಂಜಲು ಕೈಯ ಮೇಲಿಟ್ಟರು.

"ಅಕ್ಕಾ, ಊರವ್ರಿಗೆ ಎಂತ ಹೇಳುದ್?" ಶೆಟ್ಟರು ಮೆಲ್ಲಗೆ ಕೇಳಿದರು.

"ಒಳಕೋಣಿ ಬಾಗ್ಲ್ ಹಾಕ್ದ್ ಮೇಲೆ ಎಲೆಯಲ್ಲ್ ಎಂತ ಇತ್ತ್ ಅಂತ ಊರವ್ರ್ ಬಂದ್ ಕಾಂತ್ರಾ?" ಎಂದರು ಸುಂದರಿಯಕ್ಕ. "ಅವ್ನಿಗೆ ಬೇಕಾದ್ದ್ ಅವ್ನ್ ಉಣ್ಲಿ. ಲೀಲಾ ಮಾಡ್ತ. ಬಡ್ಸುದ್ ಯಾರ್?"

"ನಾನ್ ಬಡ್ಸ್ತೆ," ಎಂದಳು ಸರಸ.

ಈ ಹೂಂ ಕೇಳಲೆಂದೇ ಬೈಂದೂರಿನಿಂದ ಬಂದ ಗೋವರ್ಧನ ಶೆಟ್ಟರಿಗೆ ತುತ್ತೆತ್ತಲು ಆಗಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡು ಕೂತರು.

"ಉಣ್ಣ್ ತಮ್ಮಾ, ತಣ್ಗಾತ್ತ್," ಎಂದರು ಅಕ್ಕ.

ಸರಸ ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಹಸಿವಿತ್ತು. ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡು ಉಣ್ಣತೊಡಗಿದಳು.