ಇಲ್ಲದ ಪುಸ್ತಕವನ್ನು ಓದಿದವರು

೧

‘ಗ್ರಂಥಾಲಯದಲ್ಲಿ ಗಾಢ ಮೌನ ಆವರಿಸಿತ್ತು’ ಎಂದು ಶುರು ಮಾಡಿದ್ದೆ. ಹೊಡೆದು ಹಾಕಿದೆ. ಯಲಹಂಕದ ಆ ಡಿಗ್ರಿ ಕಾಲೇಜಿನ ಗ್ರಂಥಾಲಯದಲ್ಲಿ ಮೌನ ಎಂಬುದು ಯಾವತ್ತೂ ಇದ್ದದ್ದಿಲ್ಲ. ತಲೆಯ ಮೇಲೆ ವಿಮಾನ, ಕಿಟಕಿಯಾಚೆ ಬಸ್ಸಿನ ಹಾರ್ನ್. ಹಾಗಾದರೆ ಸುಸ್ತಿನಿಂದಲೇ ಶುರು ಮಾಡೋಣವೇ? ಗ್ರಂಥಪಾಲಕಿ ಶಾಂತಲಾ ಸುಸ್ತಾಗಿದ್ದಳು. (ನಾನೂ. ಇದು ಮೂರನೇ ಡ್ರಾಫ್ಟು.)

ಪ್ರತಿ ವರ್ಷ ಫಸ್ಟ್ ಇಯರ್ ಬಿ.ಎ. ಮಕ್ಕಳು ಬರುತ್ತಾರೆ. ಪುಸ್ತಕ ಹುಡುಕುವುದು ಹೇಗೆ, ಯಾವುದನ್ನು ನಂಬಬೇಕು, ಯಾರ ಮಾತನ್ನು ಎಲ್ಲಿಂದ ತಂದೆವೆಂದು ಬರೆಯುವುದು ಹೇಗೆ, ಅದೇ ಪಾಠ. ಮಕ್ಕಳು ತಲೆಯಾಡಿಸುತ್ತಾರೆ, ಮೊಬೈಲ್ ನೋಡುತ್ತಾರೆ, ಎದ್ದು ಹೋಗುತ್ತಾರೆ.

೨

ಆ ಮಧ್ಯಾಹ್ನ ಗೌಹರ್ ಬಂದಳು. ಆರ್.ಟಿ. ನಗರದ ಹುಡುಗಿ, ಸಮಾಜಶಾಸ್ತ್ರದ ವಿದ್ಯಾರ್ಥಿನಿ.

“ಮೇಡಂ, ‘ಬಾಗಲೂರಿನ ಬಾವಿಗಳು’ ಅನ್ನೋ ಪುಸ್ತಕ ಬೇಕಿತ್ತು.”

ಶಾಂತಲಾ ಕಂಪ್ಯೂಟರಿನಲ್ಲಿ ಹುಡುಕಿದಳು. ಬೇರೆ ಲೈಬ್ರರಿಗಳಲ್ಲೂ ಹುಡುಕಿದಳು. ಪುಸ್ತಕವಿರಲಿ, ಗೌಹರ್ ಚೀಟಿಯಲ್ಲಿ ಬರೆದು ತಂದಿದ್ದ ಹೆಸರಿನ ಲೇಖಕರೂ ಇರಲಿಲ್ಲ.

“ಎಲ್ಲಿ ಸಿಕ್ತು ಇದು ನಿಂಗೆ?”

“ಎಐ ಕೊಡ್ತು ಮೇಡಂ. ಅಸೈನ್‌ಮೆಂಟಲ್ಲಿ ಹಾಕ್ಬಿಟ್ಟಿದ್ದೀನಿ.”

“ಇಂಥ ಪುಸ್ತಕಾನೇ ಇಲ್ಲ ಕಣಮ್ಮಾ. ಅದು ಕಟ್ಟಿ ಹೇಳಿದೆ.”

“ಇಲ್ಲ ಅಂದ್ರೆ? ಅಸೈನ್‌ಮೆಂಟ್ ನೋಡಿ ನಿರಂಜನ್ ಸರ್, ಆ ಪುಸ್ತಕ ಓದಿದ್ದೀನಿ ಅಂದ್ರಲ್ಲ! ಒಳ್ಳೇ ಪುಸ್ತಕ, ಎಲ್ರೂ ಓದಿ ಅಂತ ಇಡೀ ಕ್ಲಾಸ್ ಮುಂದೆ ಹೇಳಿದ್ರು. ಶುಕ್ರವಾರ ಸೆಮಿನಾರಲ್ಲಿ ಅದ್ರ ಮೇಲೆ ನಾನೇ ಪೇಪರ್ ಓದ್ಬೇಕಂತೆ.”

೩

(ಹಿಂದಿನ ಡ್ರಾಫ್ಟಿನಲ್ಲಿ ಶಾಂತಲಾ ಇಲ್ಲಿ ಪ್ರಾಮಾಣಿಕತೆಯ ಮೇಲೆ ಭಾಷಣ ಬಿಗಿದಿದ್ದಳು. ಅವಳೇ ತಡೆದಳು: “ಬೇಕಿದ್ರೆ ನೀವೇ ಮಾಡ್ಕೊಳ್ಳಿ ಭಾಷಣ. ನಂಗೆ ತಲೆ ನೋಯ್ತಿದೆ.” ಸರಿ, ತೆಗೆದೆ.)

ಅಷ್ಟರಲ್ಲಿ ನಿರಂಜನ್ ಒಳಗೆ ಬಂದ. ಗೆಸ್ಟ್ ಲೆಕ್ಚರರ್, ಬೆಳಿಗ್ಗೆ ಯಶವಂತಪುರದ ಕಾಲೇಜು, ಮಧ್ಯಾಹ್ನ ಇಲ್ಲಿ, ಸಂಜೆ ಹೆಬ್ಬಾಳದಲ್ಲಿ ಟ್ಯುಟೋರಿಯಲ್. ಅವನನ್ನು ಕಂಡದ್ದೇ ಗೌಹರ್ ಪುಸ್ತಕದ ಬೀರುವಿನ ಹಿಂದೆ ಸರಿದಳು.

ಅವನು ದನಿ ತಗ್ಗಿಸಿದ. “ಮೇಡಂ, ‘ಬಾಗಲೂರಿನ ಬಾವಿಗಳು’ ಇದೆಯಾ? ಸೆಮಿನಾರಿಗೆ ಮುಂಚೆ ಒಂದ್ಸಲ ಕಣ್ಣಾಡಿಸ್ಬೇಕು.”

‘ಒಂದ್ಸಲ ಅಲ್ಲ, ಇನ್ನೊಂದ್ಸಲ ಅನ್ನಿ ಸರ್, ಆಗ್ಲೇ ಓದಿದ್ದೀರಲ್ಲ’ ಎಂಬ ಮಾತು ಶಾಂತಲಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನ ಶರ್ಟು ಬೆವರಿಗೆ ಮೈಗಂಟಿತ್ತು, ಕಣ್ಣು ಗುಳಿಬಿದ್ದಿತ್ತು. ಅಣಕಿಸಲು ಮನಸ್ಸಾಗಲಿಲ್ಲ.

“ಆ ಪುಸ್ತಕ ಇಲ್ಲ ಸರ್. ಯಾರೂ ಬರೆದೇ ಇಲ್ಲ.”

ನಿರಂಜನ್ ಕುರ್ಚಿಯಲ್ಲಿ ಕುಸಿದು ಕೂತ. “ಅಯ್ಯೋ, ಓದಿದ್ದೀನಿ ಅಂದ್ಬಿಟ್ನಲ್ಲ ಮೇಡಂ. ಮಕ್ಕಳ ಮುಂದೆ ಗೊತ್ತಿಲ್ಲ ಅನ್ನೋಕೆ ಬಾಯೇ ಬರಲ್ಲ. ಬಸ್ಸಲ್ಲೇ ಜೀವನ ಕಳೀತಿದೆ, ಒಂದು ಪುಸ್ತಕ ಪೂರ್ತಿ ಓದಿ ಎಷ್ಟು ಕಾಲ ಆಯ್ತೋ.”

ಬೀರುವಿನ ಹಿಂದಿನಿಂದ ಗೌಹರ್ ಹೊರಗೆ ಬಂದಳು. ಅವನ ಮುಖ ಬಿಳಿಚಿತು.

“ಸರ್, ನಾನೂ ಓದಿಲ್ಲ” ಎಂದಳು.

೪

ಅಂತ್ಯ ಒಂದು: ಮೂವರೂ ಹೊಟ್ಟೆ ಹಿಡಿದು ನಕ್ಕರು. (ಸುಳ್ಳು. ಯಾರೂ ನಗಲಿಲ್ಲ.)

ಅಂತ್ಯ ಎರಡು: ತಪ್ಪನ್ನೆಲ್ಲ ಹುಡುಗಿಯ ತಲೆಗೆ ಕಟ್ಟಿ ನಿರಂಜನ್ ಬಿರಬಿರನೆ ಹೊರಟುಹೋದ. (ಹೀಗೇ ಬರೆದಿದ್ದೆ. ಆದರೆ ಅವನು ಕುರ್ಚಿಯಿಂದ ಏಳಲೇ ಇಲ್ಲ, ನಾನೇನು ಮಾಡಲಿ?)

ಆದದ್ದು ಇಷ್ಟೆ. ಶಾಂತಲಾ ಇನ್ನೊಂದು ಕುರ್ಚಿ ಎಳೆದು ಹಾಕಿದಳು. “ಕೂತ್ಕೊಳಮ್ಮ. ಬಾಗಲೂರಿನ ಬಗ್ಗೆ ನಿಜವಾಗ್ಲೂ ಏನಿದೆ ನೋಡೋಣ.” ಹಳೆಯ ಗೆಜೆಟಿಯರ್ ತಂದಿಟ್ಟಳು, ಜನಗಣತಿ ವರದಿ ತಂದಿಟ್ಟಳು. ಬಾವಿಗಳ ಸುದ್ದಿ ಅರ್ಧ ಪುಟವೂ ಸಿಗಲಿಲ್ಲ. ಆದರೂ ಮೇಷ್ಟ್ರು, ಹುಡುಗಿ ಇಬ್ಬರೂ ಒಂದೇ ಪುಟದ ಮೇಲೆ ಬಾಗಿ ಓದತೊಡಗಿದರು. ಹೆಬ್ಬಾಳದಿಂದ ನಿರಂಜನ್‌ಗೆ ಫೋನ್ ಬಂತು. ಅವನು ಎತ್ತಲಿಲ್ಲ.

“ಸರ್, ಶುಕ್ರವಾರ ಏನ್ ಹೇಳೋದು?”

“ಪುಸ್ತಕ ಇಲ್ಲ ಅಂತ ನೀನು ಹೇಳು. ಓದಿಲ್ಲ ಅಂತ ನಾನು…”

ಅಷ್ಟಕ್ಕೇ ನಿಲ್ಲಿಸಿದ.

ಶುಕ್ರವಾರ ಎಲ್ಲರೆದುರು ಅವನು ಆ ಮಾತನ್ನು ಮುಗಿಸುತ್ತಾನೆಯೇ? ಶಾಂತಲಾಳನ್ನೇ ಕೇಳಿದೆ.

“ಸೆಮಿನಾರ್ ಹಾಲ್ ಮೇಲಿನ ಮಹಡೀಲಿದೆ. ನೀವೇ ಹೋಗಿ ಕೂತ್ಕೊಳ್ಳಿ” ಎಂದಳು. “ನಾನವತ್ತು ರಜಾ ಹಾಕಿದ್ದೀನಿ.”